ಎಡಗೈ ಹೆಬ್ಬೆಟ್ಟು

ಪ್ಯಾರೇಜಾನ್ ಸಾಹೇಬರ ಅರ್ಜಿ ನಾನೇ ಬರೆಯುತ್ತಿದ್ದೇನೆ.
ಶಿಡ್ಲಘಟ್ಟದ ತಾಲ್ಲೂಕು ಕಚೇರಿ ಮುಂದೆ, ಹೊಂಗೆ ಮರದಡಿ,
ಹದಿನೇಳು ವರ್ಷ ಊರವರ ಕಷ್ಟಕ್ಕೆಲ್ಲ
'ತಮ್ಮಲ್ಲಿ ವಿನಂತಿ' ಅಂತ ಬಾಲ ಕಟ್ಟಿದವಳು
ಈ ಒಂದು ಹಾಳೆಯಲ್ಲಿ ಮೂರನೇ ಸಾಲು ದಾಟಲಾರೆ.

ವಿಷಯ: ಬಲಗೈ, ಬಲಗಾಲು, ಮಾತು.

ಮಂಗಳವಾರ, ಗುರುವಾರ, ಶನಿವಾರ
ಆರೂಕಾಲರ ಬಸ್ಸು, ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆ.
ನಾಲ್ಕನೇ ಮಂಚ ಅವರದ್ದು, ಐದನೆಯದು ನನ್ನದು.
ಮೊದಲು ತೂಕ. ಎರಡು ದಿನದಲ್ಲಿ ಕುಡಿದ ನೀರೆಲ್ಲ
ತಕ್ಕಡಿ ಮೇಲೆ ನಿಂತು ಚಾಡಿ ಹೇಳುತ್ತದೆ.
'ಅಲುವೇಲಮ್ಮಾ, ಮತ್ತೆ ಮಜ್ಜಿಗೆ ಕುಡಿದ್ರಾ?' ಎನ್ನುವರು,
ತಾವು ಕದ್ದು ತಿಂದ ಕಲ್ಲಂಗಡಿ ನುಂಗಿಕೊಂಡು.

ಆಮೇಲೆ ನಾಲ್ಕು ಗಂಟೆ
ನಮ್ಮ ರಕ್ತ ಹೊರಗೆ ಸುತ್ತಾಡಿಕೊಂಡು ಮನೆಗೆ ಬರುವುದು.

ಅವರು ನೂಲು ಬಿಚ್ಚಾಣಿಕೆಯವರು.
ಕೊಳವೆ ನೋಡಿ ಹೇಳುತ್ತಿದ್ದರು:
'ಇದೂ ಅದೇ ಕೆಲಸ. ಗೂಡು ಹೆಚ್ಚು ಬೆಂದರೆ ಜುಟ್ಟು,
ಕಮ್ಮಿ ಬೆಂದರೆ ಎಳೆ ತುಂಡು.'
ಡಾಕ್ಟರು ಹೇಳುವುದೂ ಅದನ್ನೇ:
ರಕ್ತ ತೆಳುವಾದರೆ ತಲೆಯೊಳಗೆ ಸೋರಬಹುದು,
ಮಂದವಾದರೆ ಅಲ್ಲೇ ಕಟ್ಟಬಹುದು.
ಹದ ಅನ್ನುವುದು ಎಲ್ಲೋ ನಡುವೆ,
ಸೂಜಿ ತುಂಬುವ ಹುಡುಗನ ಕಣ್ಣಳತೆಗಿಂತ ಸಣ್ಣ ಜಾಗ.

ಐದು ವರ್ಷ ಎಡಗೈಗೆ ರಾಜೋಪಚಾರ.
ಭಾರ ಎತ್ತಬೇಡಿ, ಗಡಿಯಾರ ಕಟ್ಟಬೇಡಿ,
ಅದರ ಮೇಲೆ ಮಲಗಬೇಡಿ, ಬಿಪಿ ಪಟ್ಟಿ ಸುತ್ತಗೊಡಬೇಡಿ.
ಚರ್ಮದಡಿ ಹಾವಿನಂತೆ ಉಬ್ಬಿದ ನರ,
ಮುಟ್ಟಿದರೆ ಝುಂ ಎನ್ನುವುದು.
'ನಮ್ಮ ಕಾರ್ಖಾನೆ ಮೋಟರ್ರು, ಕರೆಂಟ್ ಬಿಲ್ ಇಲ್ಲ.'
ಕುದಿವ ಬೋಗುಣಿಯಿಂದ ಎಳೆ ಹೆಕ್ಕುವುದು,
ಮೊಮ್ಮಗಳನ್ನು ಎತ್ತುವುದು, ಉರ್ದುವಿನಲ್ಲಿ ಸೊಗಸಾಗಿ ರುಜು ಹಾಕುವುದು,
ಎಲ್ಲ ಬಲಗೈ.

ಆ ಶನಿವಾರ ಮೂರನೇ ಗಂಟೆಗೆ ಬಿಪಿ ಇಳಿಯಿತು.
ಹುಡುಗ ಬಂದು ಕಾಲು ಮೇಲೆತ್ತಿದ, ಸರಿಹೋಯಿತು.
ಚಹಾ ಬಂತು. ಲೋಟ ಹಿಡಿದವರು
ಹಿಡಿದೇ ಇದ್ದೇನೆಂದುಕೊಂಡರು.
ಅದು ಎದೆಮೇಲೆ ಉರುಳಿತು. ಬಾಯಿ ಒಂದು ಬದಿಗೆ ವಾಲಿತು.
ತಮಾಷೆ ಮಾಡುತ್ತಿದ್ದಾರೆಂದು
ನಾನು ನಕ್ಕೆ.

ಅದನ್ನು ಅರ್ಜಿಯಲ್ಲಿ ಬರೆಯುವಂತಿಲ್ಲ.

ಮನೆಯಲ್ಲಿ ಉರ್ದು, ಗೂಡಿನ ಮಾರುಕಟ್ಟೆಯಲ್ಲಿ ತೆಲುಗು, ನನ್ನ ಹತ್ತಿರ ಕನ್ನಡ.
ಮೂರು ಭಾಷೆಯಲ್ಲಿ ಈಗ ಉಳಿದಿರುವುದು ಒಂದೇ ಮಾತು:
'ಮುನ್ನೂರ ಅರವತ್ತು.'
ಯಾವ ವರ್ಷದ ಗೂಡಿನ ದರವೋ, ಯಾವ ಹರಾಜಿನ ಕೂಗೋ.
ಬಾಯಾರಿದರೂ ಅದೇ, ಸಿಟ್ಟು ಬಂದರೂ ಅದೇ.
ಖಮರ್‌ಬೀಗೆ ಎಲ್ಲ ತಿಳಿಯುತ್ತದೆ.
ಒಂದಕ್ಕೆ ನೀರು ತರುತ್ತಾಳೆ, ಇನ್ನೊಂದಕ್ಕೆ ಟೋಪಿ.

ಡಾಕ್ಟರನ್ನು ಕೇಳಿದೆ: ಅದೇ ಯಂತ್ರ, ಅದೇ ಬಿಪಿ, ಅದೇ ಉಪ್ಪಿನ ಹುಚ್ಚು.
ಹಾಗಾದರೆ ನನಗೆ?
'ಬೇರೆಯವರಿಗಿಂತ ಹೆಚ್ಚು. ಮಾತ್ರೆ ತಪ್ಪಿಸಬೇಡಿ.'
ಎಷ್ಟು ಹೆಚ್ಚು?
ಅವರು ಫೈಲಿನೊಳಗೆ ಏನನ್ನೋ ಹುಡುಕಿದರು.

ಈಗ ಬೆಳಿಗ್ಗೆ ಎದ್ದವಳೇ ಕನ್ನಡಿ ಮುಂದೆ
ಹಲ್ಲು ಕಿರಿಯುತ್ತೇನೆ, ಎರಡೂ ಕೈ ಎತ್ತುತ್ತೇನೆ,
ಅಪ್ಪನ ಹೊಲದ ಸರ್ವೆ ನಂಬರನ್ನು ಗಟ್ಟಿಯಾಗಿ ಹೇಳುತ್ತೇನೆ.
ಪಕ್ಕದ ಮನೆಯವರು ದೇವರ ಪೂಜೆ ಅಂದುಕೊಂಡಿದ್ದಾರೆ.
ಇರಲಿ.

ಹಾಳೆ ಮುಗಿಯಿತು. ಕೆಳಗೆ ಜಾಗ ಬಿಟ್ಟಿದ್ದೇನೆ.
ಅವರು ಬಲಗೈಯನ್ನೇ ನೋಡುತ್ತಾರೆ,
ಮಡಿಲಲ್ಲಿ ಯಾರೋ ಮರೆತುಹೋದ ಚೀಲದಂತಿದೆ.
ರುಜು ಬಲ್ಲವರಿಗೆ ಹೆಬ್ಬೆಟ್ಟು ಅವಮಾನ, ಗೊತ್ತು.
ಎಡಗೈ ಹೆಬ್ಬೆಟ್ಟಿಗೆ ಶಾಯಿ ಸವರಿ, ಮೆಲ್ಲಗೆ ಮಣಿಕಟ್ಟು ಹಿಡಿದೆ.
ಮೋಟರ್ ಓಡುತ್ತಲೇ ಇದೆ.
ಗುರುತು ಸ್ವಲ್ಪ ಅದುರಿ ಬಿತ್ತು.

'ಮುನ್ನೂರ ಅರವತ್ತು,' ಎಂದರು.
'ಜಾಸ್ತಿಯಾಯ್ತು ಸಾಹೇಬ್ರೇ, ಮುನ್ನೂರ ಐವತ್ತು ಮಾಡ್ಕೊಳ್ಳಿ.'
ಮುಖದ ಎಡ ಅರ್ಧ ನಕ್ಕಿತು.

ದಿನಾಂಕ ಹಾಕುವುದಿದೆ.
ನಾಳೆ ಮತ್ತೆ ಶನಿವಾರ.